ಕಡಿತವನ್ನು ಕಾಣದಂತೆ ಮಾಡುವವರು

2024–25ರ ಕರ್ನಾಟಕ ರಾಜ್ಯ ಬಜೆಟ್‌ನ ಗಾತ್ರ 3.71 ಲಕ್ಷ ಕೋಟಿ ರೂಪಾಯಿ. 2025–26ರದು 4.09 ಲಕ್ಷ ಕೋಟಿ. ಒಂದೇ ವರ್ಷಕ್ಕೆ ಶೇ 10ರಷ್ಟು ಏರಿಕೆ. ಇದೇ ಅವಧಿಯಲ್ಲಿ ಶಿಕ್ಷಣಕ್ಕೆ ತೋರಿಸಿದ ಮೊತ್ತ 44,422 ಕೋಟಿಯಿಂದ 45,286 ಕೋಟಿಗೆ, ಅಂದರೆ ಶೇ 2ರಷ್ಟು ಮಾತ್ರ ಏರಿತು. ನಡುವೆ 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾಗಿ ಕಾಯಂ ನೌಕರರ ಸಂಬಳದ ವೆಚ್ಚವೂ ಬೆಳೆದಿದೆ. ಸಂಬಳ ತಡೆಯುವಂತಿಲ್ಲ, ಒಟ್ಟು ಮೊತ್ತ ಹೆಚ್ಚು ಬೆಳೆದಿಲ್ಲ ಎಂದಮೇಲೆ ಒತ್ತಡ ಬೀಳುವುದು ಉಳಿದ ಬಾಬ್ತುಗಳ ಮೇಲೆ: ಖಾಲಿ ಹುದ್ದೆಗಳ ಭರ್ತಿ, ಅತಿಥಿ ಶಿಕ್ಷಕರ ಗೌರವಧನ, ಕಟ್ಟಡದ ರಿಪೇರಿ, ಬಿಸಿಯೂಟದ ಸಾದಿಲ್ವಾರು. ವಿಧಾನಸೌಧದಲ್ಲಿ ಯಾರೂ ‘ಕಡಿತ’ ಎಂದು ಘೋಷಿಸಲಿಲ್ಲ, ಹಣವಿಲ್ಲವೆಂದು ಯಾವ ಶಾಲೆಗೂ ಬೀಗ ಬೀಳಲಿಲ್ಲ. ವಿಜಯಪುರ ಜಿಲ್ಲೆಯ ತಿಕೋಟಾದಲ್ಲೂ ಬಬಲೇಶ್ವರದಲ್ಲೂ ಬೆಳಿಗ್ಗೆ ಗಂಟೆ ಬಾರಿಸುತ್ತದೆ, ಮಧ್ಯಾಹ್ನ ಅನ್ನ ಬೇಯುತ್ತದೆ. ಹಾಗಾದರೆ ಕಡಿಮೆಬಿದ್ದ ಹಣವನ್ನು ತುಂಬಿಕೊಟ್ಟವರು ಯಾರು? ಈ ಬರಹದ ವಾದ ಇಷ್ಟೆ: ಶಾಲಾ ನೌಕರರು, ಅದರಲ್ಲೂ ಕೆಳಗಿನ ಹಂತದವರು, ತಮ್ಮ ಪಗಾರ, ಸಮಯ ಮತ್ತು ಉದ್ರಿಯಿಂದ ಅದನ್ನು ತುಂಬುತ್ತಿದ್ದಾರೆ. ಅವರ ಈ ಸಹನೆಯಿಂದಲೇ ಕಡಿತ ಯಾರ ಕಣ್ಣಿಗೂ ಬೀಳುತ್ತಿಲ್ಲ. ಸರ್ಕಾರದ ಯಾವ ಲೆಕ್ಕಪುಸ್ತಕದಲ್ಲೂ ಇಲ್ಲದ ಈ ವಂತಿಗೆಯನ್ನು ಲೆಕ್ಕಕ್ಕೆ ತರಬೇಕು.

ವಿಜಯಪುರ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಹೆಚ್ಚು ತೂಕವಿದೆ. ಇಲ್ಲಿ ಆರ್ಥಿಕ ಹಿಂಜರಿತವನ್ನು ಜನ ಮೊದಲು ಗುರುತಿಸುವುದು ಮಳೆಯಲ್ಲಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಈ ಜಿಲ್ಲೆಯೂ ಅದರಲ್ಲಿತ್ತು. ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರ ಒಣದ್ರಾಕ್ಷಿಯ ದರ ಬಿದ್ದರೆ ಸಾಲಕ್ಕೆ ಸಿಕ್ಕಿಕೊಳ್ಳುತ್ತಾನೆ. ತಾಂಡಾಗಳ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋಗುತ್ತವೆ. ಇಂಥ ವರ್ಷಗಳಲ್ಲಿ ಸರ್ಕಾರಿ ಶಾಲೆಯ ಕೆಲಸ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಖಾಸಗಿ ಶಾಲೆಯ ಫೀ ಕಟ್ಟಲಾಗದ ಪಾಲಕರು ಮಕ್ಕಳನ್ನು ಸರ್ಕಾರಿ ಶಾಲೆಗೆ ತರುತ್ತಾರೆ. ಗುಳೆ ಹೋದ ಮನೆಯ ಮಗುವಿನ ಹಾಜರಿ ಕಾಯಬೇಕು, ಅದು ಮರಳಿದಾಗ ಪಾಠ ಹಿಂದಿನಿಂದ ಹಿಡಿಯಬೇಕು. ಗ್ರಾಮೀಣ ಶಿಕ್ಷಣ ಕುರಿತ ಅಸರ್ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಭಾಗದಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಸರ್ಕಾರಿ ಶಾಲೆಗೆ ದಾಖಲಾದವರು 2018ರಲ್ಲಿ ಶೇ 65.6 ಇದ್ದರು. ಕೋವಿಡ್ ಹೊಡೆತದ ನಂತರ 2022ರಲ್ಲಿ ಅದು ಶೇ 72.9 ಆಯಿತು, 2024ರ ಹೊತ್ತಿಗೆ ಮತ್ತೆ ಶೇ 66.8ಕ್ಕೆ ಇಳಿಯಿತು. ಮನೆಯ ಆದಾಯ ಕುಸಿದಾಗ ಸರ್ಕಾರಿ ಶಾಲೆಯೇ ಆಸರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಖಜಾನೆ ಬರಿದಾಗುವುದೂ ಅದೇ ಹೊತ್ತಿನಲ್ಲಿ. ನೆರೆಯ ಕಲಬುರಗಿ, ಯಾದಗಿರಿಗಳಿಗೆ ಸಂವಿಧಾನದ 371(ಜೆ) ಕಲಮಿನ ವಿಶೇಷ ಸ್ಥಾನಮಾನದ ಬಲವಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತದೆ. ಹಳೆಯ ಮುಂಬೈ ಪ್ರಾಂತ್ಯದಿಂದ ಬಂದ ವಿಜಯಪುರಕ್ಕೆ ಆ ಆಸರೆಯೂ ಇಲ್ಲ.

ಕಡಿತದ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಒಂದೇ ಶಾಲೆಯ ಅಂಗಳದಲ್ಲಿ ನಿಂತವರ ನಡುವೆ ಎಷ್ಟು ಅಂತರವಿದೆ ಎಂಬುದನ್ನು 2020 ತೋರಿಸಿಕೊಟ್ಟಿತು. ಕೋವಿಡ್ ಕಾರಣಕ್ಕೆ 2020ರ ಜನವರಿಯಿಂದ 2021ರ ಜೂನ್‌ವರೆಗೆ, ಹದಿನೆಂಟು ತಿಂಗಳು, ತುಟ್ಟಿಭತ್ಯೆಯ ಏರಿಕೆಯನ್ನು ಕೇಂದ್ರ ತಡೆಹಿಡಿಯಿತು, ರಾಜ್ಯವೂ ಅದೇ ಹಾದಿ ಹಿಡಿಯಿತು. ಕಾಯಂ ಶಿಕ್ಷಕರಿಗೆ ಅದು ನಿಜವಾದ ನಷ್ಟ. ಆದರೆ ಅವರ ಮೂಲ ಸಂಬಳ ತಿಂಗಳು ತಿಂಗಳು ಬಂತು, 2021ರ ಜುಲೈನಿಂದ ಭತ್ಯೆಯೂ ಮರಳಿತು. 2020ರಲ್ಲೇ ಹೊಸ ನೇಮಕಾತಿಗಳಿಗೆ ಆರ್ಥಿಕ ಇಲಾಖೆ ತಡೆ ಹಾಕಿತು. ತರಗತಿಗಳೇ ನಡೆಯದಿದ್ದಾಗ ಅತಿಥಿ ಶಿಕ್ಷಕರಿಗೆ ಕೆಲಸವೂ ಇಲ್ಲ, ಹಣವೂ ಇಲ್ಲ. ಎಂ.ಎ., ಬಿ.ಇಡಿ. ಮುಗಿಸಿದವರು ತರಕಾರಿ ಮಾರಿದ, ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋದ ಸುದ್ದಿಗಳು ರಾಜ್ಯದ ಎಲ್ಲ ಕಡೆಯಿಂದ ಬಂದವು. ಅನುದಾನರಹಿತ ಖಾಸಗಿ ಶಾಲೆಗಳ ಶಿಕ್ಷಕರಿಗೆ 2021ರ ಜೂನ್‌ನ ಪ್ಯಾಕೇಜ್‌ನಲ್ಲಿ ಒಮ್ಮೆ 5,000 ರೂಪಾಯಿ ಸಿಕ್ಕಿತು. ಭದ್ರತೆ ಇದ್ದವನಿಗೆ ತುಸು ಕಡಿಮೆಯಾಯಿತು, ಇಲ್ಲದವನಿಗೆ ಪೂರ್ತಿ ನಿಂತಿತು. ಕೋವಿಡ್ ಹೋದರೂ ಈ ವ್ಯವಸ್ಥೆ ಹಾಗೆಯೇ ಉಳಿದಿದೆ.

ಮೊದಲು ಅತಿಥಿ ಶಿಕ್ಷಕರನ್ನು ನೋಡೋಣ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 50 ಸಾವಿರಕ್ಕೂ ಹೆಚ್ಚು ಶಿಕ್ಷಕ ಹುದ್ದೆ ಖಾಲಿ ಇವೆ. ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಅತಿಥಿ ಶಿಕ್ಷಕರಿಗೆ 2025–26ರಲ್ಲಿ ಮಂಜೂರಾತಿ ಸಿಕ್ಕಿತು. ಆ ವರ್ಷದ ಬಜೆಟ್ 2,000 ರೂಪಾಯಿ ಏರಿಸಿದ ಮೇಲೆ ಪ್ರಾಥಮಿಕ ಶಾಲೆಯಲ್ಲಿ ಅವರ ಗೌರವಧನ ತಿಂಗಳಿಗೆ 12,000, ಪ್ರೌಢಶಾಲೆಯಲ್ಲಿ 12,500. ರಾಜ್ಯ ಸರ್ಕಾರದ ಅತಿ ಕೆಳಹಂತದ ನೌಕರನ ಆರಂಭದ ಮೂಲವೇತನ 27,000 ರೂಪಾಯಿ. ಪದವಿ, ಡಿ.ಇಡಿ. ಅಥವಾ ಬಿ.ಇಡಿ. ಇದ್ದು ಪೂರ್ಣ ಹೊತ್ತು ಪಾಠ ಮಾಡುವವರಿಗೆ ಅದರ ಅರ್ಧವೂ ಇಲ್ಲ. ಅದೂ ವರ್ಷಪೂರ್ತಿ ಸಿಗುವುದಿಲ್ಲ. ಶೈಕ್ಷಣಿಕ ವರ್ಷ ಮುಗಿದರೆ ಬಿಡುಗಡೆ, ಜೂನ್‌ನಲ್ಲಿ ಮತ್ತೆ ಅರ್ಜಿ, ಮತ್ತೆ ಆಯ್ಕೆ. ಖಾಲಿ ಹುದ್ದೆಗೆ ಯಾರಾದರೂ ವರ್ಗವಾಗಿ ಬಂದರೆ ನಡುವರ್ಷದಲ್ಲೇ ಜಾಗ ಬಿಡಬೇಕು. ಅನುದಾನ ಕಂತಿನಲ್ಲಿ ಬರುವುದರಿಂದ ಗೌರವಧನ ಎರಡು ಮೂರು ತಿಂಗಳು ಒಟ್ಟಾಗಿ ಕೈಸೇರುವುದೂ ರೂಢಿಯಾಗಿದೆ. ಇದನ್ನು ಅವರು ನಿಭಾಯಿಸುವ ದಾರಿಗಳು ಎಲ್ಲರಿಗೂ ಗೊತ್ತಿರುವಂಥವು: ಸಂಜೆ ಟ್ಯೂಷನ್, ಭಾನುವಾರ ಹೊಲದ ಕೂಲಿ, ರಜೆಯಲ್ಲಿ ಒಣದ್ರಾಕ್ಷಿ ಶೆಡ್, ಕಿರಾಣಿ ಅಂಗಡಿಯಲ್ಲಿ ಉದ್ರಿ, ಸ್ವಸಹಾಯ ಸಂಘದ ಸಾಲ. ವಿಜಯಪುರ ನಗರದಲ್ಲಿ ಬಾಡಿಗೆ ಕೋಣೆ ಹಿಡಿದು ಹಳ್ಳಿಯ ಶಾಲೆಗೆ ಬಸ್ಸಿನಲ್ಲಿ ಓಡಾಡುವವರಿಗೆ ತಿಂಗಳ ಹಣದ ದೊಡ್ಡ ಪಾಲು ಬಾಡಿಗೆ ಮತ್ತು ಪ್ರಯಾಣಕ್ಕೇ ಹೋಗುತ್ತದೆ. ನಗರದ ಉರ್ದು ಶಾಲೆಗಳಿಗಾಗಲಿ, ಪ್ರೌಢಶಾಲೆಯ ಗಣಿತ, ವಿಜ್ಞಾನಕ್ಕಾಗಲಿ ಅರ್ಹರನ್ನು ಹುಡುಕಿ ತರುವುದು ಮೊದಲೇ ಕಷ್ಟ. ಇಂಥ ಷರತ್ತಿನ ಮೇಲೆ ಅವರು ಉಳಿಯುವುದು ಇನ್ನೂ ಕಷ್ಟ.

ಬಿಸಿಯೂಟದ ಅಡುಗೆಯವರ ಲೆಕ್ಕ ಇದಕ್ಕಿಂತ ಕಹಿಯಾದುದು. ಇವರಿಗೆ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು ಎಂದು ಕೇಂದ್ರ ಸರ್ಕಾರ 2009ರಲ್ಲಿ ಗೊತ್ತುಮಾಡಿತು. ಅದರಲ್ಲಿ ಕೇಂದ್ರದ ಪಾಲು ಈಗ 600 ರೂಪಾಯಿ. 2009ರಿಂದ ಆ 1,000ದ ಅಂಕಿ ಕದಲಿಲ್ಲ. ತೊಗರಿಬೇಳೆ, ಎಣ್ಣೆ, ತರಕಾರಿಗೆ ಕೊಡುವ ದರವನ್ನು ಕೇಂದ್ರ ಆಗಾಗ ಪರಿಷ್ಕರಿಸಿದೆ. 2025ರ ಮೇ ತಿಂಗಳಿಂದ ಕಿರಿಯ ಪ್ರಾಥಮಿಕದ ಮಗುವೊಂದಕ್ಕೆ 6.78, ಹಿರಿಯ ಪ್ರಾಥಮಿಕಕ್ಕೆ 10.17 ರೂಪಾಯಿ. ಬೇಳೆಯ ಬೆಲೆ ಏರುತ್ತದೆಂದು ಒಪ್ಪಿದ ಸರ್ಕಾರ, ಬೇಳೆ ಬೇಯಿಸುವ ಹೆಣ್ಣುಮಗಳ ಖರ್ಚೂ ಏರುತ್ತದೆಂದು ಹದಿನಾರು ವರ್ಷ ಒಪ್ಪಲಿಲ್ಲ. ಕರ್ನಾಟಕ ತನ್ನ ಪಾಲು ಸೇರಿಸುತ್ತ ಬಂದಿದೆ. 2025–26ರ ಬಜೆಟ್‌ನ 1,000 ರೂಪಾಯಿ ಏರಿಕೆಯ ನಂತರ ಮುಖ್ಯ ಅಡುಗೆಯವರಿಗೆ 4,700, ಸಹಾಯಕರಿಗೆ 4,600. ಅದೇ ವರ್ಷ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಅಂದರೆ ಮುಖ್ಯ ಅಡುಗೆಯವರ ಒಂದು ತಿಂಗಳ ಗೌರವಧನ ಉದ್ಯೋಗ ಖಾತ್ರಿಯ ಹದಿಮೂರು ದಿನದ ಕೂಲಿಗೂ ಸಮವಲ್ಲ. ಕೆಲಸ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆದಿದೆ. 2013ರಲ್ಲಿ ಹಾಲು ಬಂತು. 2021ರ ಡಿಸೆಂಬರ್‌ನಲ್ಲಿ ವಿಜಯಪುರವೂ ಸೇರಿ ಏಳು ಜಿಲ್ಲೆಗಳಲ್ಲಿ ಮೊಟ್ಟೆ ಬಂತು. 2024ರಲ್ಲಿ ರಾಗಿ ಮಾಲ್ಟ್ ಬಂತು, ಅದೇ ವರ್ಷ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಮಕ್ಕಳ ಪಾಲಿಗೆ ಇವೆಲ್ಲ ಒಳ್ಳೆಯವೇ. ಆದರೆ ಪ್ರತಿಯೊಂದೂ ಅದೇ ಕೈಗಳಿಗೆ ಬಿದ್ದ ಹೊಸ ಕೆಲಸ. ಉತ್ತರ ಪ್ರದೇಶದಲ್ಲಿ ಅಡುಗೆಯವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಅಲಹಾಬಾದ್ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು. ಕರ್ನಾಟಕ ಅದಕ್ಕಿಂತ ಹೆಚ್ಚು ಕೊಡುತ್ತದೆ ಎಂಬುದು ನಿಜ, ಕನಿಷ್ಠ ಕೂಲಿ ಕೊಡುತ್ತಿಲ್ಲ ಎಂಬುದೂ ಅಷ್ಟೇ ನಿಜ.

ಮೂರನೆಯವರು ಮುಖ್ಯಗುರುಗಳು. ಇವರಿಗೆ ಸಂಬಳ ಸರಿಯಾಗಿ ಬರುತ್ತದೆ, ಆದರೆ ಶಾಲೆಯ ಕೊರತೆ ಇವರ ಜೇಬಿಗೆ ಬಂದು ನಿಲ್ಲುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ ಅನುದಾನ, 31ರಿಂದ 100 ಮಕ್ಕಳಿದ್ದರೆ 25,000.  ತೋಟದ ವಸ್ತಿಯಲ್ಲೋ ತಾಂಡಾದಲ್ಲೋ ಇರುವ ಚಿಕ್ಕ ಶಾಲೆಗೆ ತಿಂಗಳಿಗೆ 833 ರೂಪಾಯಿ ಆಯಿತು. ಅದರಲ್ಲೇ ಸೀಮೆಸುಣ್ಣ, ರಿಜಿಸ್ಟರ್, ನಲ್ಲಿ ರಿಪೇರಿ, ಶೌಚಾಲಯದ ಸ್ವಚ್ಛತೆ ಎಲ್ಲವೂ ಆಗಬೇಕು. ಪ್ರಾಥಮಿಕ ಶಾಲೆಗೆ ಗುಮಾಸ್ತನೂ ಇಲ್ಲ, ಸಿಪಾಯಿಯೂ ಇಲ್ಲ. ಎಸ್‌ಎಟಿಎಸ್, ಯು–ಡೈಸ್ ಎಂಬ ಆನ್‌ಲೈನ್ ಮಾಹಿತಿ, ಬಿಸಿಯೂಟದ ದಿನದ ಅಂಕಿ, ಎಲ್ಲವನ್ನೂ ಶಿಕ್ಷಕರೇ ತುಂಬಬೇಕು, ಮೊಬೈಲೂ ಡೇಟಾವೂ ಅವರದೇ. ಮೊಟ್ಟೆಯ ಲೆಕ್ಕ ಇದಕ್ಕೆಲ್ಲ ಕಿರೀಟ. ಒಂದು ಮೊಟ್ಟೆಗೆ 6 ರೂಪಾಯಿ ನಿಗದಿ; ಖರೀದಿ, ಸಾಗಣೆ, ಇಂಧನ, ಸುಲಿಯುವ ಕೂಲಿ ಎಲ್ಲ ಅದರೊಳಗೇ. ಚಳಿಗಾಲದಲ್ಲಿ ಅಂಗಡಿಯ ದರವೇ 6 ರೂಪಾಯಿ ದಾಟುವುದು ಹೊಸದಲ್ಲ. ಮೊಟ್ಟೆಗೆ ಒಂದು ರೂಪಾಯಿ ಕಡಿಮೆಬಿದ್ದರೆ ನೂರು ಮಕ್ಕಳ ಶಾಲೆಯಲ್ಲಿ ವಾರಕ್ಕೆ 600, ತಿಂಗಳಿಗೆ 2,400 ರೂಪಾಯಿ. ಅದನ್ನು ಮುಖ್ಯಗುರು ಕೈಯಿಂದ ಹಾಕಬೇಕು, ಇಲ್ಲವೇ ಮಕ್ಕಳಿಗೆ ಬಾಳೆಹಣ್ಣು ಕೊಟ್ಟು ಸುಮ್ಮನಾಗಬೇಕು. 2022ರ ಅಕ್ಟೋಬರ್‌ನಲ್ಲಿ ಈ ಕೊರತೆಯನ್ನು ಇಲಾಖೆಯೇ ಒಂದು ರೀತಿಯಲ್ಲಿ ಒಪ್ಪಿಕೊಂಡಿತ್ತು. ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ (ಎಸ್‌ಡಿಎಂಸಿ) ಅನುಮತಿ ಕೊಟ್ಟ ಸುತ್ತೋಲೆ ಹೊರಬಂದು, ವಿರೋಧ ಎದ್ದ ಕೂಡಲೇ ವಾಪಸಾಯಿತು. ಸುತ್ತೋಲೆ ವಾಪಸಾದ ಮಾತ್ರಕ್ಕೆ ಅದು ತುಂಬಬೇಕೆಂದಿದ್ದ ಹಳ್ಳ ತುಂಬಲಿಲ್ಲ. ಪಾಲಕರು ಕೊಡದಿದ್ದುದನ್ನು ಈಗ ಶಿಕ್ಷಕರು ಕೊಡುತ್ತಿದ್ದಾರೆ.

ವಿಜಯಪುರ ನಗರದ ಖಾಸಗಿ ಶಾಲೆಗಳ ನೌಕರರನ್ನೂ ಬಿಡುವಂತಿಲ್ಲ. ಅನುದಾನಿತ ಶಾಲೆಗಳಲ್ಲಿ ನಿವೃತ್ತಿಯಿಂದ ತೆರವಾದ ಹುದ್ದೆ ತುಂಬಲು ಸರ್ಕಾರದ ಒಪ್ಪಿಗೆ ವರ್ಷಗಟ್ಟಲೆ ತಡವಾಗುತ್ತದೆ. ಆ ಜಾಗಕ್ಕೆ ಆಡಳಿತ ಮಂಡಳಿ ತನ್ನ ಹಣದಿಂದ ಕಡಿಮೆ ಸಂಬಳದವರನ್ನು ಹಾಕಿಕೊಳ್ಳುತ್ತದೆ. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳು ಅನುದಾನಕ್ಕಾಗಿ ಕಾಯುತ್ತಲೇ ಇವೆ. ಅನುದಾನರಹಿತ ಶಾಲೆಯಲ್ಲಿ ಸಂಬಳ ಬರುವುದು ಫೀಯಿಂದ. 2021ರ ಜನವರಿಯಲ್ಲಿ ಸರ್ಕಾರ ಬೋಧನಾ ಶುಲ್ಕವನ್ನು ಶೇ 30ರಷ್ಟು ಇಳಿಸಿತು, ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಶೇ 15ಕ್ಕೆ ತಂದಿತು. ಪಾಲಕರಿಗೆ ಆಸರೆ ಬೇಕಿತ್ತು, ಸರಿಯೇ. ಆದರೆ ಆ ಭಾರ ಕೊನೆಗೆ ಶಿಕ್ಷಕರು, ಆಯಾಗಳು, ಸ್ಕೂಲ್ ಬಸ್ಸಿನ ಚಾಲಕರ ಸಂಬಳದ ಮೇಲೆ ಇಳಿಯದಂತೆಯೂ ನೋಡಿಕೊಳ್ಳಬೇಕಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ: ಶಿಕ್ಷಣದ ಹಣದಲ್ಲಿ ಬಹುಪಾಲು ಸಂಬಳಕ್ಕೇ ಹೋಗುತ್ತಿರುವಾಗ ಶಾಲಾ ನೌಕರರು ಕಷ್ಟದಲ್ಲಿದ್ದಾರೆ ಎನ್ನುವುದು ಹೇಗೆ? ಸಂಬಳದ ಪಾಲು ದೊಡ್ಡದು ಎಂಬುದು ಸತ್ಯ. ಆದರೆ ಆ ಪಾಲಿನಲ್ಲಿ ಅತಿಥಿ ಶಿಕ್ಷಕರಿಗೂ ಅಡುಗೆಯವರಿಗೂ ಸಿಗುವುದು ಚೂರು. ‘ಶಿಕ್ಷಕರ ಪಗಾರ’ ಎಂದು ಒಂದೇ ಮಾತಿನಲ್ಲಿ ಹೇಳಿದಾಗ ಭದ್ರತೆ ಇರುವವರ ಸಂಬಳದ ಹಿಂದೆ ಇಲ್ಲದವರ ಬವಣೆ ಮರೆಯಾಗುತ್ತದೆ. ಕಾಯಂ ಹುದ್ದೆ ಖಾಲಿ ಇಟ್ಟು ಅದೇ ಕೆಲಸವನ್ನು 12,000ಕ್ಕೆ ಮಾಡಿಸಿಕೊಳ್ಳುವುದರಿಂದ ಸರ್ಕಾರಕ್ಕೆ ಉಳಿತಾಯ ಆಗುತ್ತಿದೆ. ಆ ಉಳಿತಾಯ ಬಂದದ್ದು ಅತಿಥಿ ಶಿಕ್ಷಕರ ಹೆಗಲಿನಿಂದ. ಕಾಯಂ ನೌಕರರ ಸಂಬಳ ಕತ್ತರಿಸಿ ಇವರಿಗೆ ಹಂಚಬೇಕೆಂದು ಇದರ ಅರ್ಥವಲ್ಲ. ಮಿತವ್ಯಯ ಅನಿವಾರ್ಯವಾದರೆ ಅದರ ಕತ್ತರಿ ಮೊದಲು ಎಲ್ಲಿ ಬೀಳಬಾರದು ಎಂಬ ಕ್ರಮ ಇರಬೇಕು ಎಂದಷ್ಟೇ.

ಎರಡನೆಯ ಆಕ್ಷೇಪ ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳದು. 2025–26ರಲ್ಲಿ 51,034 ಕೋಟಿ ರೂಪಾಯಿ ಗ್ಯಾರಂಟಿಗಳಿಗೇ ಹೋದರೆ ಶಾಲೆಗೆ ಹಣ ಎಲ್ಲಿಂದ ಎಂದು ಒಂದು ಗುಂಪು ಕೇಳುತ್ತದೆ. ಅಡುಗೆಯವರಿಗೂ ಗೃಹಲಕ್ಷ್ಮಿಯ 2,000 ಬರುತ್ತದಲ್ಲ ಎಂದು ಇನ್ನೊಂದು ಗುಂಪು ಹೇಳುತ್ತದೆ. ಎರಡೂ ವಾದ ಅರ್ಧ ದಾರಿಯಲ್ಲೇ ನಿಲ್ಲುತ್ತವೆ. ಬರದ ವರ್ಷದಲ್ಲಿ ಗೃಹಲಕ್ಷ್ಮಿಯ ಹಣ ತಾಂಡಾದ ಮನೆಯ ಒಲೆ ಉರಿಸಿದೆ, ಅದನ್ನು ಹಳಿಯುವುದು ಸಲ್ಲದು. ಹಾಗೆಂದು ಮನೆಯೊಡತಿ ಎಂಬ ಕಾರಣಕ್ಕೆ ಸಿಗುವ ನೆರವನ್ನು ಒಬ್ಬಳ ದುಡಿಮೆಯ ಕೂಲಿಯಲ್ಲಿ ವಜಾ ಹಾಕಿಕೊಳ್ಳುವುದೂ ಸಲ್ಲದು. ಗ್ಯಾರಂಟಿಗಳು ಬರುವ ಮೊದಲೂ ಅತಿಥಿ ಶಿಕ್ಷಕರ ಹಣ ತಡವಾಗುತ್ತಿತ್ತು, ಕೇಂದ್ರದ 600 ರೂಪಾಯಿ ಅಲ್ಲೇ ನಿಂತಿತ್ತು. ಆದ್ದರಿಂದ ಇದು ಒಂದು ಪಕ್ಷದ, ಒಂದು ಸರ್ಕಾರದ ದೋಷವಲ್ಲ. ಶಾಲೆಯ ದಿನದ ಖರ್ಚನ್ನು ಉಳಿದೆಲ್ಲ ಖರ್ಚಾದ ಮೇಲೆ ನೋಡಿಕೊಳ್ಳುವ ಹಳೆಯ ರೂಢಿ ಇದು.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ಬಲವಿದೆ: ಹತ್ತು ಹದಿನೈದು ಮಕ್ಕಳ ಶಾಲೆಗಳನ್ನು ಒಟ್ಟುಗೂಡಿಸಿದರೆ ಶಿಕ್ಷಕರೂ ಸಾಕಾಗುತ್ತಾರೆ, ಹಣವೂ ಉಳಿಯುತ್ತದೆ. ವಿಜಯಪುರ ನಗರದೊಳಗೆ, ಒಂದೇ ಓಣಿಯಲ್ಲಿ ಎರಡು ಶಾಲೆ ಇದ್ದಲ್ಲಿ, ಇದು ಒಪ್ಪುವ ಮಾತೇ. ಆದರೆ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಶಾಲಾಪಟ್ಟಿ ತೆರೆದರೆ ಹೆಸರಿನ ಕೊನೆಗೆ ‘ವಸ್ತಿ’, ‘ಎಲ್‌ಟಿ’ ಎಂದಿರುವವು ಸಿಗುತ್ತವೆ. ಊರಿನಿಂದ ದೂರ, ತೋಟಗಳ ನಡುವೆ, ಲಂಬಾಣಿ ತಾಂಡಾಗಳಲ್ಲಿ ಇರುವ ಶಾಲೆಗಳಿವು. ಆರು ವರ್ಷದ ಹುಡುಗಿಯನ್ನು ಬಸ್ಸಿಲ್ಲದ ದಾರಿಯಲ್ಲಿ ಊರ ಶಾಲೆಗೆ ಕಳಿಸುವ ಪಾಲಕರು ಕಡಿಮೆ. ಸರ್ಕಾರದ ಲೆಕ್ಕದಲ್ಲಿ ಉಳಿದ ಹಣ ಆ ಮನೆಯ ಲೆಕ್ಕದಲ್ಲಿ ವಾಹನದ ಬಾಡಿಗೆಯಾಗಿಯೋ, ಮಗು ಶಾಲೆ ಬಿಟ್ಟ ನಷ್ಟವಾಗಿಯೋ ಮೂಡುತ್ತದೆ. ವಾಹನ ಮೊದಲು, ವಿಲೀನ ಆಮೇಲೆ ಎಂಬ ಷರತ್ತಿಲ್ಲದ ಒಟ್ಟುಗೂಡಿಕೆ ಖರ್ಚನ್ನು ಇಳಿಸುವುದಿಲ್ಲ, ಬಡವರ ಮನೆಗೆ ದಾಟಿಸುತ್ತದೆ.

ದಾನಿಗಳಿದ್ದಾರಲ್ಲ ಎಂಬುದು ನಾಲ್ಕನೆಯ ಮಾತು. ಈ ನೆಲದಲ್ಲಿ ಅದಕ್ಕೆ ದೊಡ್ಡ ಪರಂಪರೆಯೇ ಇದೆ. ಫ.ಗು. ಹಳಕಟ್ಟಿಯವರ ಕಾಲದಲ್ಲಿ, 1910ರಲ್ಲಿ ಹುಟ್ಟಿದ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಬೆಳೆದದ್ದು ಸಮಾಜದ ಕೊಡುಗೆಯಿಂದ. ಇಂದು ವಾರದ ಆರು ದಿನದ ಮೊಟ್ಟೆಯಲ್ಲಿ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಹಣ. ಆದರೆ ದಾನಿಗೆ ಕಟ್ಟಡ, ಬೆಂಚು, ಕಂಪ್ಯೂಟರ್ ಕೊಡುವುದು ಇಷ್ಟ. ಪ್ರತಿ ತಿಂಗಳು ಒಬ್ಬರ ಪಗಾರ ಕೊಡುವ ದಾನಿ ಅಪರೂಪ. ಊರಲ್ಲಿ ದ್ರಾಕ್ಷಿಯ ದರ ಚೆನ್ನಾಗಿದ್ದಾಗ ಕೈ ಬಿಚ್ಚುವ ದಾನಿಯ ಕೈಯೂ ಬರದ ವರ್ಷದಲ್ಲಿ ಬಿಗಿಯಾಗುತ್ತದೆ, ಶಾಲೆಗೆ ನೆರವು ಹೆಚ್ಚು ಬೇಕಾಗುವುದು ಆಗಲೇ. ದಾನ ಶಾಲೆಯನ್ನು ಚೆಂದಗೊಳಿಸಬಲ್ಲದು, ನಡೆಸಬೇಕಾದುದು ಸರ್ಕಾರವೇ.

ಇಷ್ಟಾಗಿಯೂ ಶಾಲೆ ನಡೆಯುತ್ತಿದೆಯಲ್ಲ, ನಷ್ಟವೇನು ಎಂದು ಕೇಳುವವರು ಅಮೆರಿಕದ ಅನುಭವ ನೋಡಬೇಕು. 2008ರ ಮಹಾ ಹಿಂಜರಿತದ ನಂತರ ಅಲ್ಲಿನ ಶಾಲಾ ವ್ಯವಸ್ಥೆಯಲ್ಲಿ ಸುಮಾರು 3 ಲಕ್ಷ ಉದ್ಯೋಗಗಳು ಹೋದವು. ಅರ್ಥಶಾಸ್ತ್ರಜ್ಞ ಕಿರಾಬೊ ಜಾಕ್ಸನ್ ಮತ್ತು ಸಂಗಡಿಗರು ಆ ಕಡಿತದ ಬೆನ್ನುಹತ್ತಿ ನೋಡಿದಾಗ ಹಣ ಇಳಿದ ಕಡೆ ಮಕ್ಕಳ ಪರೀಕ್ಷಾ ಅಂಕವೂ, ಮುಂದೆ ಕಾಲೇಜಿಗೆ ಹೋಗುವವರ ಪ್ರಮಾಣವೂ ಇಳಿದದ್ದು ಕಂಡಿತು. ಬಡ ಮಕ್ಕಳಿಗೆ ಪೆಟ್ಟು ಇನ್ನೂ ಜೋರಾಗಿತ್ತು. ಆರ್ಥಿಕತೆ ಚೇತರಿಸಿಕೊಂಡ ಮೇಲೆ ಖಜಾನೆ ತುಂಬಬಹುದು. ಮೂರನೇ ತರಗತಿಯಲ್ಲಿ ಓದು ಕಲಿಯದ ಮಗುವಿಗೆ ಆ ವರ್ಷ ಮರಳಿ ಸಿಗುವುದಿಲ್ಲ. ಎರಡನೇ ಕೂಲಿಗೆ ಓಡಬೇಕಾದ ಅತಿಥಿ ಶಿಕ್ಷಕ ಮರುದಿನದ ಪಾಠಕ್ಕೆ ಸಿದ್ಧನಾಗುವುದು ಯಾವಾಗ? ಮೀಟಿಂಗಿಗೆ ಹೋದ ಏಕೋಪಾಧ್ಯಾಯನ ಶಾಲೆಯಲ್ಲಿ ಅಂದು ಕಲಿಕೆ ಎಲ್ಲಿ? ನೌಕರರು ತುಂಬಿಕೊಡುತ್ತಿರುವುದು ಹಣದ ಕೊರತೆಯನ್ನು ಮಾತ್ರ. ಕಲಿಕೆಯ ಕೊರತೆಯನ್ನು ತುಂಬಲು ಅವರ ಬಳಿ ಏನೂ ಉಳಿದಿರುವುದಿಲ್ಲ.

ಮಾಡಬೇಕಾದುದು ಆಕಾಶದಲ್ಲಿಲ್ಲ. ಅತಿಥಿ ಶಿಕ್ಷಕರ ಆಯ್ಕೆ ಮೇ ಕೊನೆಗೆ ಮುಗಿದು, ಜೂನ್‌ನಿಂದ ಪ್ರತಿ ತಿಂಗಳು ನಿಗದಿತ ದಿನಕ್ಕೆ ಹಣ ಅವರ ಖಾತೆಗೆ ಬೀಳಲಿ. ಅಡುಗೆಯವರಿಗೆ ಹತ್ತರ ಬದಲು ಹನ್ನೆರಡು ತಿಂಗಳ ಗೌರವಧನ ಸಿಗಲಿ, ಕೇಂದ್ರದ ಪಾಲು ಬೇಳೆಯ ದರದಂತೆ ಪರಿಷ್ಕರಣೆಗೊಳ್ಳಲಿ. ಮೊಟ್ಟೆಯ ದರ ಆಯಾ ತಿಂಗಳ ಮಾರುಕಟ್ಟೆ ದರಕ್ಕೆ ಹೊಂದಲಿ. ಪ್ರತಿ ಶಾಲೆಯಲ್ಲಿ ನೌಕರರು ಕೈಯಿಂದ ಹಾಕಿದ ಹಣ ಮತ್ತು ಅವರಿಗೆ ಬರಬೇಕಾದ ಬಾಕಿಯನ್ನು ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕಳಿಸುವ ನಿಯಮ ಬರಲಿ. ಇವುಗಳಲ್ಲಿ ಕೊನೆಯದಕ್ಕೆ ಖಜಾನೆಯ ಒಂದು ರೂಪಾಯಿಯೂ ಬೇಡ. ಬೇರೆಲ್ಲದಕ್ಕೂ ಅದೇ ತಳಹದಿ, ಏಕೆಂದರೆ ಕಾಗದದ ಮೇಲೆ ಇಲ್ಲದ ಕೊರತೆಗೆ ಯಾವ ಸರ್ಕಾರವೂ ಹಣ ಕೊಡುವುದಿಲ್ಲ. ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳಾದವು, ಆದರೆ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಸಭೆಯಲ್ಲಿ ಎದ್ದು ಕೇಳುವ ಚುನಾಯಿತ ಸದಸ್ಯನಿಲ್ಲದಾಗ ಆ ಕೆಲಸ ಎಸ್‌ಡಿಎಂಸಿಗಳ ಮತ್ತು ಪಾಲಕರ ಪಾಲಿಗೆ ಬರುತ್ತದೆ. ನಿಮ್ಮ ಊರಿನ ಶಾಲೆಯ ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗಿ, ಈ ತಿಂಗಳು ಶಾಲೆ ನಡೆಸಲು ಯಾರ್ಯಾರು ಕೈಯಿಂದ ಎಷ್ಟು ಹಾಕಿದರು ಎಂದು ಕೇಳಿ. ಸಿಕ್ಕ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.